ನಿಮ್ಮ ರ‍್ಯಾಮ್ ನಿಜವಾಗಿ ಎಷ್ಟು ವೇಗದಲ್ಲಿ ಓಡುತ್ತಿದೆ? ನೋಡುವುದು, ಸರಿಪಡಿಸುವುದು, ಅಳೆಯುವುದು

ನನ್ನ ಕಂಪ್ಯೂಟರಿನ ರ‍್ಯಾಮ್ ಎರಡು ವರ್ಷ ತನ್ನ ವೇಗದ ಮೂರರಲ್ಲಿ ಎರಡು ಪಾಲಿನಲ್ಲೇ ಓಡಿತು. ನನಗೆ ಗೊತ್ತೇ ಆಗಲಿಲ್ಲ.

ಅದನ್ನು ನಾನೇ ಕೂತು ಜೋಡಿಸಿದ್ದೆ. ರೈಜನ್ 5 3600 ಪ್ರೊಸೆಸರ್, ಡಿಡಿಆರ್4 ರ‍್ಯಾಮ್, 8 ಜಿಬಿಯ ಎರಡು ಸ್ಟಿಕ್. ಡಬ್ಬದ ಮೇಲೆ 3200 ಅಂತ ದೊಡ್ಡದಾಗಿ ಬರೆದಿತ್ತು. ಸ್ಟಿಕ್ ಕೂರಿಸಿದೆ, ಕಂಪ್ಯೂಟರ್ ಆನ್ ಆಯಿತು, ವಿಂಡೋಸ್ ಬಂತು. ಇನ್ನೇನು ಬೇಕು ಅಂದುಕೊಂಡು ಕೆಲಸ ಶುರು ಮಾಡಿದೆ. ಒಂದು ಸಂಜೆ ಬೇರೇನೋ ನೋಡಲು ಟಾಸ್ಕ್ ಮ್ಯಾನೇಜರ್ ತೆರೆದಾಗ, ಮೆಮೊರಿ ಪುಟದ ಕೆಳಗೆ ಸ್ಪೀಡ್ 2133 ಎಂದು ಕಂಡಿತು. ಬೀರುವಿನಲ್ಲಿಟ್ಟಿದ್ದ ಡಬ್ಬ ತೆಗೆದು ಮತ್ತೆ ನೋಡಿದೆ. 3200 ಅಂತಲೇ ಇತ್ತು.

ಬಯಾಸ್‌ಗೆ ಹೋಗಿ ಒಂದೇ ಒಂದು ಆಯ್ಕೆ ಬದಲಿಸಿದೆ. ವಿಂಡೋಸ್ ಏಳುವ ಮೊದಲೇ ತೆರೆಯಬಹುದಾದ ಮದರ್‌ಬೋರ್ಡ್‌ನ ಸೆಟ್ಟಿಂಗ್ ಪುಟವೇ ಬಯಾಸ್. ಆಮೇಲೆ ನನ್ನ ಎರಡು ಕೆಲಸಗಳನ್ನು ಗಡಿಯಾರ ಇಟ್ಟುಕೊಂಡು ಅಳೆದೆ. ನಾನು ಪ್ರೋಗ್ರಾಂ ಬರೆಯುವವನು. ದೊಡ್ಡದೊಂದು ಪ್ರಾಜೆಕ್ಟನ್ನು ಪೂರ್ತಿ ಕಂಪೈಲ್ ಮಾಡಲು, ಅಂದರೆ ಬರೆದದ್ದನ್ನು ಕಂಪ್ಯೂಟರ್ ಓಡಿಸಬಲ್ಲ ರೂಪಕ್ಕೆ ತರಲು, ಸುಮಾರು ಹತ್ತು ನಿಮಿಷ ಹಿಡಿಯುತ್ತಿತ್ತು. ಅದು ಒಂಬತ್ತರೊಳಗೆ ಮುಗಿಯಿತು. ಮನೆಯ ವಿಡಿಯೊಗಳ ಫೈಲ್ ಚಿಕ್ಕದು ಮಾಡುವ ಕೆಲಸದಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದೇ ಪ್ರೊಸೆಸರ್, ಅದೇ ರ‍್ಯಾಮ್. ಒಂದು ಕೆಲಸಕ್ಕೆ ಲಾಭ, ಇನ್ನೊಂದಕ್ಕಿಲ್ಲ. ಯಾಕೆ ಅಂತ ತಿಳಿಯುವವರೆಗೆ ನನಗೆ ಸಮಾಧಾನವಿರಲಿಲ್ಲ. ಇದು ತಿಳಿದರೆ ನಿಮಗೆ ಹೊಸ ರ‍್ಯಾಮ್ ಬೇಕೋ ಬೇಡವೋ ಎಂಬುದನ್ನೂ ನೀವೇ ಹೇಳಬಹುದು. ಅದಕ್ಕೇ ಮೊದಲು ಸ್ವಲ್ಪ ಕಾರಣ, ಆಮೇಲೆ ಕೈಕೆಲಸ.

ಪ್ರೊಸೆಸರ್ ಯಾಕೆ ಕಾಯುತ್ತದೆ

ಎರಡನೇ ಮಹಡಿಯಲ್ಲಿ ಗೋಡೆ ಕಟ್ಟುವ ಗಾರೆ ಮೇಸ್ತ್ರಿಯನ್ನು ನೆನೆಸಿಕೊಳ್ಳಿ. ಕೈಗೆಟುಕುವಲ್ಲಿ ಒಂದಷ್ಟು ಇಟ್ಟಿಗೆ ಇರುತ್ತವೆ. ದೊಡ್ಡ ರಾಶಿ ಕೆಳಗೆ ಅಂಗಳದಲ್ಲಿ. ಪಕ್ಕದ ಇಟ್ಟಿಗೆ ಮುಗಿದರೆ ಮೇಸ್ತ್ರಿ ಕೂಗಬೇಕು, ಆಳು ಕೆಳಗಿಂದ ಹೊತ್ತು ತರಬೇಕು. ಮೇಸ್ತ್ರಿ ಎಷ್ಟೇ ಚುರುಕಾಗಿರಲಿ, ಇಟ್ಟಿಗೆ ಬರುವ ತನಕ ಕರಣೆ ಹಿಡಿದು ನಿಂತಿರಬೇಕು.

ಮೇಸ್ತ್ರಿ ಅಂದರೆ ಪ್ರೊಸೆಸರ್. ಪಕ್ಕದ ಇಟ್ಟಿಗೆಗಳು ಅದರೊಳಗಿನ ಕ್ಯಾಶ್ ಮೆಮೊರಿ. ಅಂಗಳದ ರಾಶಿ ರ‍್ಯಾಮ್. ಈಗ ಲೆಕ್ಕ ನೋಡಿ. ನನ್ನ ಪ್ರೊಸೆಸರ್ ಜೋರಾಗಿ ಓಡುವಾಗ 4.2 ಗಿಗಾಹರ್ಟ್ಸ್, ಅಂದರೆ ಸೆಕೆಂಡಿಗೆ 420 ಕೋಟಿ ಬಡಿತ. ಅದರ ಮೊದಲ ಹಂತದ ಕ್ಯಾಶ್‌ನಿಂದ ಮಾಹಿತಿ ಬರಲು 4 ಬಡಿತ ಸಾಕು. ಎರಡನೇ ಹಂತಕ್ಕೆ 12, ಮೂರನೇ ಹಂತಕ್ಕೆ ಸುಮಾರು 40. ಅಲ್ಲೂ ಸಿಗದೆ ರ‍್ಯಾಮ್‌ವರೆಗೆ ಹೋಗಬೇಕಾದರೆ 80 ನ್ಯಾನೊಸೆಕೆಂಡಿನ ಆಸುಪಾಸು ಬೇಕು. ಬಡಿತದ ಲೆಕ್ಕದಲ್ಲಿ ಅದು 300ಕ್ಕೂ ಜಾಸ್ತಿ. 4 ಎಲ್ಲಿ, 300 ಎಲ್ಲಿ!

ಪ್ರೊಸೆಸರ್ ಸುಮ್ನೆ ಕೂರದಿರಲು ಸಾಕಷ್ಟು ಉಪಾಯ ಮಾಡುತ್ತದೆ. ಒಂದು ಬೈಟ್ ಕೇಳಿದರೂ 64 ಬೈಟ್ ಒಟ್ಟಿಗೆ ತರಿಸುತ್ತದೆ. ಮುಂದೆ ಯಾವುದು ಬೇಕಾಗಬಹುದು ಅಂತ ಊಹಿಸಿ ಮೊದಲೇ ತರಿಸಿಟ್ಟುಕೊಳ್ಳುತ್ತದೆ. ವಿಡಿಯೊ ಕೆಲಸದಲ್ಲಿ ಈ ಊಹೆ ಚೆನ್ನಾಗಿ ಫಲಿಸುತ್ತದೆ. ಚಿತ್ರದ ಮಾಹಿತಿ ಸಾಲಾಗಿ ಬರುತ್ತದೆ, ಬಂದ ತುಂಡಿನ ಮೇಲೆ ಲೆಕ್ಕವೂ ತುಂಬಾ ಹೊತ್ತು ನಡೆಯುತ್ತದೆ. ಅಷ್ಟರಲ್ಲಿ ಮುಂದಿನ ತುಂಡು ಬಂದಿರುತ್ತದೆ. ಕಂಪೈಲ್ ಕೆಲಸ ಹಾಗಲ್ಲ. ಒಂದು ಜಾಗದಲ್ಲಿ ಓದಿದರೆ ಮುಂದಿನ ಜಾಗದ ವಿಳಾಸ ಸಿಗುತ್ತದೆ, ಅಲ್ಲಿ ಓದಿದರೆ ಅದರ ಮುಂದಿನದು. ಮೊದಲನೆಯದು ಕೈಗೆ ಬರದೆ ಎರಡನೆಯದನ್ನು ಕೇಳಲಿಕ್ಕೇ ಆಗುವುದಿಲ್ಲ. ನನ್ನ ಒಂದು ಕೆಲಸ ಬೇಗ ಮುಗಿದು ಇನ್ನೊಂದು ಹಾಗೇ ಉಳಿದದ್ದು ಇದಕ್ಕೇ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ತುಂಬಾ ಜನ ಇಲ್ಲೇ ದಾರಿ ತಪ್ಪುತ್ತಾರೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಪ್ರೊಸೆಸರ್ 100 ಪರ್ಸೆಂಟ್ ಅಂತ ತೋರಿಸಿದರೆ, ಪ್ರೊಸೆಸರ್ ಸಾಲುತ್ತಿಲ್ಲ ಅಂದುಕೊಳ್ಳುತ್ತೇವೆ. ಆದರೆ ರ‍್ಯಾಮ್‌ಗಾಗಿ ಕಾಯುವ ಹೊತ್ತನ್ನೂ ಅದು ಕೆಲಸದ ಹೊತ್ತು ಅಂತಲೇ ಲೆಕ್ಕ ಹಾಕುತ್ತದೆ. ಮೇಸ್ತ್ರಿ ಕರಣೆ ಹಿಡಿದು ನಿಂತಿದ್ದರೂ ಹಾಜರಿ ಪುಸ್ತಕದಲ್ಲಿ ಪೂರ್ತಿ ದಿನ ಬಿದ್ದಿರುತ್ತದೆ. ಹಾಗಾಗಿ ಆ 100ನ್ನು ನೋಡಿ ಹೊಸ ಪ್ರೊಸೆಸರ್ ತರಲು ಹೊರಡಬೇಡಿ. ಮೊದಲು ರ‍್ಯಾಮ್ ನೋಡಿ.

ಡಬ್ಬದ ಮೇಲಿನ ಎರಡು ಸಂಖ್ಯೆ

ಮೊದಲನೆಯದು 3200, 6000 ಎಂಬಂಥ ದೊಡ್ಡ ಸಂಖ್ಯೆ. 3200 ಅಂದರೆ ಸೆಕೆಂಡಿಗೆ 320 ಕೋಟಿ ಸಲ ಮಾಹಿತಿ ಸಾಗುತ್ತದೆ. ಪ್ರೊಸೆಸರ್‌ಗೂ ರ‍್ಯಾಮ್‌ಗೂ ನಡುವಿನ ದಾರಿಗೆ ಚಾನೆಲ್ ಅನ್ನುತ್ತಾರೆ. ಒಂದು ಚಾನೆಲ್‌ನಲ್ಲಿ ಒಂದು ಸಲಕ್ಕೆ 8 ಬೈಟ್. ಗುಣಿಸಿದರೆ ಸೆಕೆಂಡಿಗೆ 25.6 ಜಿಬಿ. ಎರಡು ಚಾನೆಲ್ ಇದ್ದರೆ 51.2. ನನ್ನದು 2133ರಲ್ಲಿ ಓಡುವಾಗ ಒಂದು ಚಾನೆಲ್‌ಗೆ ಸಿಗುತ್ತಿದ್ದದ್ದು 17 ಜಿಬಿ ಮಾತ್ರ. ಆಳು ಒಂದು ಸಲಕ್ಕೆ ಎಷ್ಟು ಇಟ್ಟಿಗೆ ಹೊರುತ್ತಾನೆ ಎಂಬಂಥ ಲೆಕ್ಕ ಇದು.

ಎರಡನೆಯದು ಸಿಎಲ್ ಎಂಬ ಚಿಕ್ಕ ಸಂಖ್ಯೆ: ಸಿಎಲ್16, ಸಿಎಲ್30, ಸಿಎಲ್40. ಇದು ಕೂಗಿದ ಮೇಲೆ ಮೊದಲ ಇಟ್ಟಿಗೆ ಬರಲು ಎಷ್ಟು ಹೊತ್ತು ಎಂಬುದರ ಲೆಕ್ಕ. ಆದರೆ ಸಿಎಲ್ ಅನ್ನು ಹಾಗೇ ಓದಬಾರದು. ಅದು ರ‍್ಯಾಮ್‌ನ ಬಡಿತದಲ್ಲಿದೆ, ಆ ಬಡಿತದ ಉದ್ದ ಒಂದೊಂದು ರ‍್ಯಾಮ್‌ನಲ್ಲಿ ಒಂದೊಂದು. ನ್ಯಾನೊಸೆಕೆಂಡಿಗೆ ತರಲು ಸುಲಭದ ಸೂತ್ರವಿದೆ: ಸಿಎಲ್ ಅನ್ನು 2000ದಿಂದ ಗುಣಿಸಿ, ದೊಡ್ಡ ಸಂಖ್ಯೆಯಿಂದ ಭಾಗಿಸಿ.

3200 ಸಿಎಲ್16 ತೆಗೆದುಕೊಂಡರೆ ಸರಿಯಾಗಿ 10 ನ್ಯಾನೊಸೆಕೆಂಡ್. 3600 ಸಿಎಲ್18 ಕೂಡ 10. 6000 ಸಿಎಲ್30 ಕೂಡ 10! ಅದೇ 6000ದಲ್ಲಿ ಸಿಎಲ್36 ಆದರೆ 12. ಡಿಡಿಆರ್4ರ ಮುಂದಿನ ತಲೆಮಾರಾದ ಡಿಡಿಆರ್5ನ ಆರಂಭದ 4800 ಸಿಎಲ್40 ಸ್ಟಿಕ್‌ಗಳಲ್ಲಿ 16.7. ನನ್ನ ಸ್ಟಿಕ್ 2133 ಸಿಎಲ್15ರಲ್ಲಿ ಓಡುವಾಗ 14 ಇತ್ತು. ನೋಡಿ, 15 ಎಂಬುದು 16ಕ್ಕಿಂತ ಚಿಕ್ಕದು, ಆದರೂ ಕಾಯುವ ಹೊತ್ತು ಅದರಲ್ಲೇ ಜಾಸ್ತಿ. ಡಬ್ಬ ನೋಡುವಾಗ ಮೊಬೈಲ್‌ನ ಕ್ಯಾಲ್ಕುಲೇಟರ್ ತೆರೆದು ಈ ಲೆಕ್ಕ ಹಾಕಿ. ಅರ್ಧ ನಿಮಿಷದ ಕೆಲಸ.

ಈ 10 ನ್ಯಾನೊಸೆಕೆಂಡ್ ಪೂರ್ತಿ ಪ್ರಯಾಣದ ಒಂದು ಭಾಗ ಅಷ್ಟೇ ಎಂಬುದು ನೆನಪಿರಲಿ. ಉಳಿದದ್ದು ರ‍್ಯಾಮ್‌ನ ಬೇರೆ ಹಂತಗಳಲ್ಲೂ ಪ್ರೊಸೆಸರಿನೊಳಗಿನ ದಾರಿಯಲ್ಲೂ ಕಳೆಯುತ್ತದೆ. ಹಾಗಾಗಿ 12 ಇದ್ದದ್ದನ್ನು 10ಕ್ಕೆ ಇಳಿಸಿದರೆ ಕಂಪ್ಯೂಟರ್ ಆರನೇ ಒಂದು ಪಾಲು ಚುರುಕಾಗುತ್ತದೆ ಅಂತೇನಿಲ್ಲ. ಹಾಗೇ, 10 ಎಲ್ಲಕ್ಕೂ ಒಂದೇ ಆದರೂ ಡಿಡಿಆರ್5ಗೆ ಬೇರೆ ಬಲವಿದೆ. ಅದರ ಒಂದೊಂದು ಸ್ಟಿಕ್ ಒಳಗೆ ಎರಡು ಚಿಕ್ಕ ಚಾನೆಲ್‌ಗಳಿವೆ. ಪ್ರೊಸೆಸರಿನೊಳಗೆ ಬೇರೆ ಬೇರೆಯಾಗಿ ಕೆಲಸ ಮಾಡುವ ಹಲವು ಕೋರ್‌ಗಳು ಒಟ್ಟಿಗೆ ಕೇಳಿದಾಗ ಸಾಲು ಬೇಗ ಕರಗುತ್ತದೆ.

ಈಗ ನಿಮ್ಮದನ್ನು ನೋಡಿ

ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ. ಪರ್ಫಾರ್ಮೆನ್ಸ್, ಅದರೊಳಗೆ ಮೆಮೊರಿ. ಸ್ಪೀಡ್ ಎಂಬಲ್ಲಿ ಇರುವುದು ಈಗ ಓಡುತ್ತಿರುವ ವೇಗ. ಲಿನಕ್ಸ್ ಇದ್ದರೆ ಡಿಎಂಐಡಿಕೋಡ್ ಕಮಾಂಡ್ ಮೆಮೊರಿಯ ವಿವರ ಕೊಡುತ್ತದೆ. ಅದರಲ್ಲಿ ಕಾನ್ಫಿಗರ್ಡ್ ಮೆಮೊರಿ ಸ್ಪೀಡ್ ಎಂಬ ಸಾಲನ್ನು ಓದಿ. ಸಿಎಲ್ ತಿಳಿಯಲು ಸಿಪಿಯು-ಝಡ್ ಎಂಬ ಉಚಿತ ಪ್ರೋಗ್ರಾಂ ಹಾಕಿಕೊಳ್ಳಿ. ಅದರ ಮೆಮೊರಿ ಪುಟದಲ್ಲಿ 3200ರ ರ‍್ಯಾಮ್‌ಗೆ 1600 ಅಂತ ಕಾಣುತ್ತದೆ. ಗಾಬರಿ ಬೀಳಬೇಡಿ. ಒಂದು ಬಡಿತಕ್ಕೆ ಎರಡು ಸಲ ಮಾಹಿತಿ ಸಾಗುವುದರಿಂದ ಅಲ್ಲಿ ಅರ್ಧ ಕಾಣುವುದೇ ಸರಿ.

ಅದೇ ಪುಟದಲ್ಲಿ ಚಾನೆಲ್ ಎಂಬುದನ್ನೂ ನೋಡಿ. ವೇಗಕ್ಕಿಂತ ಮೊದಲು ನೋಡಬೇಕಾದದ್ದು ಇದು ಅಂತಲೇ ನಾನು ಹೇಳುತ್ತೇನೆ. ಡಿಡಿಆರ್4ರಲ್ಲಿ ಡ್ಯುಯಲ್ ಅಂತಲೋ 2 × 64 ಅಂತಲೋ ಇರಬೇಕು. ಡಿಡಿಆರ್5ರಲ್ಲಿ 4 × 32. ಅದರ ಅರ್ಧ ಕಂಡರೆ ಒಂದೇ ಚಾನೆಲ್‌ನಲ್ಲಿ ಓಡುತ್ತಿದೆ ಅಂತ ಅರ್ಥ.

ನನ್ನ ತಂಗಿಯ ಮಗನ ಕಂಪ್ಯೂಟರ್‌ನಲ್ಲಿ ಆದದ್ದು ಇದೇ. ಬೇರೆ ಗ್ರಾಫಿಕ್ಸ್ ಕಾರ್ಡ್ ಇರಲಿಲ್ಲ, ರೈಜನ್ 5 5600ಜಿ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್‌ನಲ್ಲೇ ಆಟ ಆಡುತ್ತಿದ್ದ. "ಮಾಮ, ಆಟ ತಡೆದು ತಡೆದು ಹೋಗುತ್ತೆ" ಅಂದ. ಕ್ಯಾಬಿನೆಟ್ ಬಿಚ್ಚಿದೆ. ಜೋಡಿಸಿಕೊಟ್ಟವರು ಎರಡು ಸ್ಟಿಕ್‌ಗಳನ್ನೂ ಅಕ್ಕಪಕ್ಕದ ಸ್ಲಾಟ್‌ನಲ್ಲಿ ಹಾಕಿದ್ದರು. ಎರಡೂ ಒಂದೇ ಚಾನೆಲ್‌ಗೆ ಸೇರಿದ್ದವು. ಇಂಥ ಗ್ರಾಫಿಕ್ಸ್‌ಗೆ ತನ್ನದೇ ಮೆಮೊರಿ ಇರುವುದಿಲ್ಲ, ರ‍್ಯಾಮನ್ನೇ ಪ್ರೊಸೆಸರಿನೊಂದಿಗೆ ಹಂಚಿಕೊಳ್ಳಬೇಕು. ಒಂದು ಚಾನೆಲ್‌ಗೆ ಇಬ್ಬರು ಕೈಯೊಡ್ಡಿದ ಹಾಗೆ. ನಾಲ್ಕು ಸ್ಲಾಟ್ ಇರುವ ಮದರ್‌ಬೋರ್ಡ್‌ನಲ್ಲಿ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದು ಸರಿಯಾದ ಜಾಗ; ಬೋರ್ಡ್‌ನ ಕೈಪಿಡಿಯಲ್ಲಿ ಒಮ್ಮೆ ಖಚಿತ ಮಾಡಿಕೊಳ್ಳಿ. ಪ್ಲಗ್ ತೆಗೆದು, ಒಂದು ಸ್ಟಿಕ್ಕನ್ನು ಜಾಗ ಬದಲಿಸಿ, ಕ್ಲಿಪ್ ಟಕ್ ಅನ್ನುವವರೆಗೆ ಒತ್ತಿದೆ. ಒಂದು ವಸ್ತುವನ್ನೂ ಹೊಸದಾಗಿ ತರದೆ ಆಟ ಸರಾಗವಾಯಿತು. ಆ ಹುಡುಗನ ಮುಖ ನೋಡಬೇಕಿತ್ತು.

ಬಯಾಸ್‌ನಲ್ಲಿ ಮಾಡುವ ಕೆಲಸ

ಡಬ್ಬದ ವೇಗ ತಾನಾಗಿಯೇ ಯಾಕೆ ಬರುವುದಿಲ್ಲ? ರ‍್ಯಾಮ್‌ಗಳ ಅಳತೆ ನಿಯಮಗಳನ್ನು ಜೆಡೆಕ್ ಎಂಬ ಸಂಸ್ಥೆ ಗೊತ್ತು ಮಾಡುತ್ತದೆ. ಕಂಪ್ಯೂಟರ್ ಮೊದಲು ಆ ನಿಯಮದ ಸುರಕ್ಷಿತ ವೇಗದಲ್ಲೇ ಏಳುತ್ತದೆ. ಡಬ್ಬದ ಮೇಲಿನ ವೇಗ ಸ್ಟಿಕ್ ಮಾಡಿದ ಕಂಪನಿ ಪರೀಕ್ಷಿಸಿ, ಸ್ಟಿಕ್ ಒಳಗಿನ ಚಿಕ್ಕ ಚಿಪ್‌ನಲ್ಲಿ ಬರೆದಿಟ್ಟದ್ದು. ಅದನ್ನು ಬಳಸು ಅಂತ ನಾವೇ ಹೇಳಬೇಕು.

ಕಂಪ್ಯೂಟರ್ ಆನ್ ಆಗುವಾಗ ಡಿಲೀಟ್ ಅಥವಾ ಎಫ್2 ಒತ್ತಿ ಬಯಾಸ್‌ಗೆ ಹೋಗಿ. ಎಕ್ಸ್‌ಎಂಪಿ ಎಂಬ ಹೆಸರು ಹುಡುಕಿ. ಅದು ಇಂಟೆಲ್ ತಂದದ್ದು. ಎಎಂಡಿ ಬೋರ್ಡ್‌ಗಳಲ್ಲಿ ಡಿಡಿಆರ್5 ಇದ್ದರೆ ಎಕ್ಸ್‌ಪೋ. ಕೆಲವು ಬೋರ್ಡ್‌ಗಳಲ್ಲಿ ಡಿಒಸಿಪಿ. ಮೊದಲ ಪ್ರೊಫೈಲ್ ಆರಿಸಿ, ಎಫ್10 ಒತ್ತಿ ಉಳಿಸಿ. ವೇಗ, ಸಿಎಲ್, ವೋಲ್ಟೇಜ್ ಮೂರೂ ಒಟ್ಟಿಗೆ ಬದಲಾಗುತ್ತವೆ. ನನ್ನ ಸ್ಟಿಕ್‌ನಲ್ಲಿ ವೋಲ್ಟೇಜ್ 1.2ರಿಂದ 1.35ಕ್ಕೆ ಏರಿತು, ಡಿಡಿಆರ್4ಗೆ ಇದು ಮಾಮೂಲು. ಪ್ರೊಸೆಸರ್ ಕಂಪನಿಗಳು ಇದನ್ನು ಓವರ್‌ಕ್ಲಾಕಿಂಗ್ (ನಿಗದಿಗಿಂತ ಜೋರಾಗಿ ಓಡಿಸುವುದು) ಅಂತಲೇ ಎಣಿಸುತ್ತವೆ, ಆದ್ದರಿಂದ ವಾರಂಟಿ ಷರತ್ತನ್ನು ಮೊದಲೇ ಓದಿಕೊಳ್ಳಿ. ಕೆಲವು ಬೋರ್ಡ್‌ಗಳಲ್ಲಿ ಈ ಆಯ್ಕೆ ಇರುವುದೇ ಇಲ್ಲ, ಆಗ ಏನೂ ಮಾಡುವ ಹಾಗಿಲ್ಲ.

ಡಿಡಿಆರ್5 ಆದರೆ ಬದಲಿಸಿದ ಮೇಲೆ ಮೊದಲ ಸಲ ಪರದೆ ಕೆಲವು ನಿಮಿಷ ಕಪ್ಪಾಗೇ ಇರಬಹುದು. ಬೋರ್ಡ್ ಆ ಹೊತ್ತಿನಲ್ಲಿ ರ‍್ಯಾಮ್ ಜೊತೆ ಸಮಯ ಹೊಂದಿಸಿಕೊಳ್ಳುತ್ತಿರುತ್ತದೆ. ದಯವಿಟ್ಟು ಸ್ವಿಚ್ ಆಫ್ ಮಾಡಬೇಡಿ, ಕಾಯಿರಿ. ತುಂಬಾ ಹೊತ್ತಾದರೂ ಏಳದಿದ್ದರೆ ಕೈಪಿಡಿ ನೋಡಿ ಸಿಮಾಸ್ ಕ್ಲಿಯರ್ ಮಾಡಿ, ಅಂದರೆ ಬಯಾಸ್‌ನಲ್ಲಿ ಉಳಿಸಿದ ಆಯ್ಕೆಗಳನ್ನು ಅಳಿಸಿ; ಹಳೆಯ ವೇಗಕ್ಕೆ ಮರಳುತ್ತದೆ.

ಪರೀಕ್ಷೆ ಮಾಡದೆ ಬಿಡಬೇಡಿ

ವಿಂಡೋಸ್ ಎದ್ದಿತು ಅಂದ ಮಾತ್ರಕ್ಕೆ ರ‍್ಯಾಮ್ ಸರಿಯಾಗಿದೆ ಅಂತಲ್ಲ. ಇದನ್ನು ನಾನು ಕೈಸುಟ್ಟುಕೊಂಡು ಕಲಿತೆ. 3200 ಸಿಕ್ಕ ಖುಷಿಯಲ್ಲಿ ಅದೇ ಸ್ಟಿಕ್‌ಗಳನ್ನು ಕೈಯಾರೆ 3600ಕ್ಕೆ ಏರಿಸಿದೆ. ಒಂದು ವಾರ ಏನೂ ತೊಂದರೆ ಕಾಣಲಿಲ್ಲ. ಆಮೇಲೆ ಒಂದು ದಿನ ಆ ವಾರ ಮಾಡಿಟ್ಟಿದ್ದ ಫೋಟೊಗಳ ಬ್ಯಾಕಪ್ ಜಿಪ್ ಫೈಲ್ ತೆರೆಯಲು ಹೋದರೆ, ಫೈಲ್ ಕೆಟ್ಟಿದೆ ಎಂಬ ಸಂದೇಶ ಬಂತು. ರ‍್ಯಾಮ್ ಎಲ್ಲೋ ಒಂದು ಬಿಟ್ ತಪ್ಪಾಗಿ ಹಿಡಿದಿತ್ತು, ಆ ತಪ್ಪೇ ಡಿಸ್ಕ್‌ಗೆ ಬರೆದುಹೋಗಿತ್ತು. ಮೂಲ ಫೋಟೊಗಳು ಬೇರೆ ಕಡೆ ಇದ್ದದ್ದರಿಂದ ಉಳಿದವು. ಕಂಪ್ಯೂಟರ್ ನಿಂತುಹೋದರೆ ಕೂಡಲೇ ಗೊತ್ತಾಗುತ್ತದೆ. ಓಡುತ್ತಲೇ ತಪ್ಪು ಬರೆಯುವ ರ‍್ಯಾಮ್ ಅದಕ್ಕಿಂತ ಅಪಾಯ.

ಆದ್ದರಿಂದ ವೇಗ ಬದಲಿಸಿದ ದಿನವೇ ಮೆಮ್‌ಟೆಸ್ಟ್86 ಎಂಬ ರ‍್ಯಾಮ್ ಪರೀಕ್ಷಿಸುವ ಪ್ರೋಗ್ರಾಮನ್ನು ಪೆನ್‌ಡ್ರೈವ್‌ಗೆ ಹಾಕಿ, ಅದರಿಂದ ಕಂಪ್ಯೂಟರ್ ಆನ್ ಮಾಡಿ, ರಾತ್ರಿ ಪೂರ್ತಿ ಓಡಲು ಬಿಡಿ. ಬೆಳಗ್ಗೆ ತಪ್ಪು ಸೊನ್ನೆ ಇರಬೇಕು. ಒಂದೇ ಒಂದು ತಪ್ಪು ಬಂದರೂ ಒಂದು ಮೆಟ್ಟಿಲು ಕೆಳಗಿಳಿಯಿರಿ. "ಒಂದೇ ತಾನೇ" ಅನ್ನಬೇಡಿ.

ಯಾವ ಪ್ರೊಸೆಸರ್‌ಗೆ ಎಷ್ಟು

ಹಳೆಯ ರೈಜನ್‌ಗಳಲ್ಲಿ ಲಾಭ ಜಾಸ್ತಿ ಕಾಣುವುದಕ್ಕೆ ಒಂದು ಕಾರಣವಿದೆ. ಅವುಗಳ ಒಳಭಾಗಗಳನ್ನು ಜೋಡಿಸುವ ಇನ್ಫಿನಿಟಿ ಫ್ಯಾಬ್ರಿಕ್ ಎಂಬ ದಾರಿ ರ‍್ಯಾಮ್‌ನ ಬಡಿತದ ಜೊತೆಗೇ ನಡೆಯುತ್ತದೆ. ನನ್ನ ರ‍್ಯಾಮ್ 2133ರಲ್ಲಿದ್ದಾಗ ಪ್ರೊಸೆಸರಿನ ಒಳದಾರಿಯೂ ನಿಧಾನವಾಗಿತ್ತು. ರೈಜನ್ 3000 ಮತ್ತು 5000 ಸಾಲಿಗೆ 3600ರವರೆಗೆ ಎರಡೂ ಹೆಜ್ಜೆಗೆ ಹೆಜ್ಜೆ ಹಾಕುತ್ತವೆ, ಅದರಾಚೆ ಸಾಮಾನ್ಯವಾಗಿ ಜೊತೆ ತಪ್ಪುತ್ತದೆ, ಕಾಯುವ ಹೊತ್ತು ಏರುತ್ತದೆ. ರೈಜನ್ 7000 ಸಾಲಿಗೆ 6000 ಒಳ್ಳೆಯ ಜಾಗ. ಇಂಟೆಲ್‌ನಲ್ಲಿ 11ನೇ ತಲೆಮಾರಿನಿಂದ ಗಿಯರ್ 1, ಗಿಯರ್ 2 ಎಂಬುದಿದೆ. ಗಿಯರ್ 2ರಲ್ಲಿ, ಪ್ರೊಸೆಸರಿನೊಳಗಿದ್ದು ರ‍್ಯಾಮ್ ಜೊತೆ ಮಾತಾಡುವ ಮೆಮೊರಿ ಕಂಟ್ರೋಲರ್ ರ‍್ಯಾಮ್‌ನ ಅರ್ಧ ಬಡಿತದಲ್ಲಿ ಓಡುತ್ತದೆ. ಡಿಡಿಆರ್4 ಹಾಕಿದ್ದರೆ, ಗಿಯರ್ 1ರಲ್ಲಿ ನಿಲ್ಲುವ ವೇಗವನ್ನೇ ನಾನು ಆರಿಸುತ್ತೇನೆ.

ಕ್ಯಾಶ್ ದೊಡ್ಡದಿದ್ದರೆ ರ‍್ಯಾಮ್‌ನ ವೇಗ ಅಷ್ಟು ಕಾಡುವುದಿಲ್ಲ. 2022ರಲ್ಲಿ ಬಂದ ರೈಜನ್ 7 5800ಎಕ್ಸ್3ಡಿಯಲ್ಲಿ ಮೂರನೇ ಹಂತದ ಕ್ಯಾಶ್ 96 ಎಂಬಿ. ಅದರ ಅಣ್ಣ 5800ಎಕ್ಸ್‌ನಲ್ಲಿ 32. ಮೇಸ್ತ್ರಿಯ ಪಕ್ಕದಲ್ಲೇ ಮೂರು ಪಟ್ಟು ಇಟ್ಟಿಗೆ ಇದ್ದರೆ ಕೆಳಗೆ ಕೂಗುವ ಪ್ರಸಂಗವೇ ಕಡಿಮೆ. ಇಂಥ ಪ್ರೊಸೆಸರ್ ಇದ್ದವರು ಒಂದೆರಡು ನ್ಯಾನೊಸೆಕೆಂಡಿಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಎಲ್ಲಕ್ಕಿಂತ ಮೊದಲು ರ‍್ಯಾಮ್ ಸಾಲುವಷ್ಟಿದೆಯಾ ನೋಡಿ. ಅದು ತುಂಬಿಹೋದರೆ ಕಂಪ್ಯೂಟರ್ ಎಸ್‌ಎಸ್‌ಡಿಯನ್ನು ಆಶ್ರಯಿಸುತ್ತದೆ. ಅಲ್ಲಿ ಕಾಯುವುದು ಹತ್ತಾರು ಸಾವಿರ ನ್ಯಾನೊಸೆಕೆಂಡ್. ವೇಗದ 16 ಜಿಬಿಗಿಂತ ಸಾಧಾರಣ ವೇಗದ 32 ಜಿಬಿ ಆಗ ಎಷ್ಟೋ ಮೇಲು. ಆದರೆ ಇರುವ ಎರಡು ಸ್ಟಿಕ್‌ಗೆ ಇನ್ನೆರಡು ಸೇರಿಸುವ ಮುಂಚೆ ಯೋಚಿಸಿ. ರೈಜನ್ 7000 ಸಾಲಿಗೆ ಎರಡು ಸ್ಟಿಕ್ ಇದ್ದರೆ ಎಎಂಡಿ ಹೇಳುವ ಅಧಿಕೃತ ವೇಗ 5200, ನಾಲ್ಕು ಇದ್ದರೆ 3600. ಡಿಡಿಆರ್5ನಲ್ಲಿ ಎರಡು ದೊಡ್ಡ ಸ್ಟಿಕ್ ಹಾಕುವುದೇ ನನ್ನ ಸಲಹೆ.

ಅಳೆಯುವುದು ಹೇಗೆ

ಬದಲಾವಣೆಗೆ ಮೊದಲೇ ಅಳೆದಿಡಿ, ಇಲ್ಲದಿದ್ದರೆ ಆಮೇಲೆ ಹೋಲಿಸಲು ಏನೂ ಇರುವುದಿಲ್ಲ. ನಿಮ್ಮದೇ ಕೆಲಸ ಒಂದನ್ನು ಆರಿಸಿ, ಮೂರು ಸಲ ಮಾಡಿ, ನಡುವಿನ ಸಮಯ ಬರೆದುಕೊಳ್ಳಿ. 7-ಜಿಪ್‌ನೊಳಗೇ ಒಂದು ಬೆಂಚ್‌ಮಾರ್ಕ್, ಅಂದರೆ ವೇಗ ಅಳೆಯುವ ಪರೀಕ್ಷೆ, ಇದೆ. ಫೈಲ್ ಕುಗ್ಗಿಸುವ ಕೆಲಸ ರ‍್ಯಾಮ್‌ಗಾಗಿ ತುಂಬಾ ಕಾಯುವುದರಿಂದ ಅಲ್ಲಿ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಸಿನೆಬೆಂಚ್ ಎಂಬ ಇನ್ನೊಂದು ಬೆಂಚ್‌ಮಾರ್ಕ್‌ನಲ್ಲಿ ವ್ಯತ್ಯಾಸ ಹುಡುಕಬೇಡಿ, ಅದು ಹೆಚ್ಚಾಗಿ ಕ್ಯಾಶ್‌ನೊಳಗೇ ಮುಗಿಯುತ್ತದೆ. ಆಟಗಳಲ್ಲಿ ನೋಡುವುದಾದರೆ ಚಿತ್ರದ ಗುಣಮಟ್ಟ ಇಳಿಸಿ ನೋಡಿ. ಗ್ರಾಫಿಕ್ಸ್ ಕಾರ್ಡೇ ಏದುಸಿರು ಬಿಡುತ್ತಿದ್ದರೆ ರ‍್ಯಾಮ್‌ನ ಗುಣ ಕಾಣುವುದಿಲ್ಲ. ಸರಾಸರಿ ಫ್ರೇಮ್ ಜೊತೆಗೆ ತೀರಾ ಕೆಳಗಿಳಿದ ಫ್ರೇಮ್‌ಗಳನ್ನೂ ಗಮನಿಸಿ. ಆಟ ತಡೆದ ಹಾಗೆ ಅನ್ನಿಸುವುದು ಅಲ್ಲೇ.

ಕೊನೆಗೆ ಒಂದು ಚಿಕ್ಕ ಕೆಲಸ. ಬಯಾಸ್ ಅಪ್‌ಡೇಟ್ ಮಾಡಿದಾಗ ಈ ಎಲ್ಲ ಆಯ್ಕೆಗಳೂ ಸಾಮಾನ್ಯವಾಗಿ ಅಳಿಸಿಹೋಗುತ್ತವೆ. ನನ್ನದೂ ಒಮ್ಮೆ ಸದ್ದಿಲ್ಲದೆ 2133ಕ್ಕೆ ಮರಳಿತ್ತು. ಅಂದಿನಿಂದ ಕ್ಯಾಬಿನೆಟ್ ಬಾಗಿಲಿನ ಒಳಗೆ ಒಂದು ಚೀಟಿ ಅಂಟಿಸಿದ್ದೇನೆ: 3200, 16-18-18-38, 1.35 ವೋಲ್ಟ್. ನಡುವಿನ ಸಾಲಿನ ಮೊದಲ 16 ಸಿಎಲ್, ಉಳಿದವು ಅದರ ಜೊತೆ ಬರುವ ಬೇರೆ ಕಾಯುವ ಲೆಕ್ಕಗಳು. ಅಪ್‌ಡೇಟ್ ಆದ ಸಂಜೆ ಆ ಚೀಟಿ ನೋಡಿಕೊಂಡು ಬಯಾಸ್ ಸರಿ ಮಾಡುತ್ತೇನೆ, ರಾತ್ರಿಗೆ ಮೆಮ್‌ಟೆಸ್ಟ್ ಓಡಿಸಿ ಮಲಗುತ್ತೇನೆ.